ಯಾರ್ಡಿನ ಸರದಿ

ಆಪರೇಟಿಂಗ್ ಸಿಸ್ಟಂ ಅನ್ನುವ ವಿಷಯವನ್ನು ನನಗೆ ಅಷ್ಟು ಚೆನ್ನಾಗಿ ಕಲಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಕೆಟ್ಟದಾಗಿ ಕಲಿಸಿದವರು ಆ ಕಾಲೇಜಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಅವರ ಮುಖ ಕೂಡ ಈಗ ನೆನಪಿಲ್ಲ, ಅವರಿಂದ ನನಗೆ ಯಾವ ತೊಂದರೆಯೂ ಆಗಲಿಲ್ಲ. ಇವರೊಬ್ಬರು ಮಾತ್ರ ಮನಸ್ಸಿನಿಂದ ಹೋಗುವುದಿಲ್ಲ.

ನಾನು ಸಿರುಗುಪ್ಪದ ಹುಡುಗಿ. ಅಪ್ಪನಿಗೆ ಒಂದು ಲಾರಿ ಇತ್ತು, ಅದನ್ನು ಅವನೇ ಓಡಿಸುತ್ತಿದ್ದ. ನಾನು ಶಾಲೆಗೆ ಹೋಗುವ ಕಾಲಕ್ಕೆ ಆ ಲಾರಿ ರೈಸ್ ಮಿಲ್ಲುಗಳಿಂದ ಅಕ್ಕಿ ಮೂಟೆ ಹೊರುತ್ತಿತ್ತು. ಗಣಿಯ ಭರಾಟೆ ಶುರುವಾದ ಮೇಲೆ ಅದಿರು ಹೊರತೊಡಗಿತು. ನಮ್ಮ ಓಣಿಯಲ್ಲಿ ಲಾರಿ ಇದ್ದವರೆಲ್ಲ ಅದನ್ನೇ ಮಾಡಿದರು, ಪಕ್ಕದ ಮನೆಯ ಚಾಚಾ ಕೂಡ. ಚಾಚಾ ನಮಗೆ ಬಂಧುವಲ್ಲ, ಅವರು ಮುಸ್ಲಿಮರು, ನಾವು ಲಿಂಗಾಯತರು. ಆದರೆ ನಮ್ಮಪ್ಪನಿಗೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದವನು ಅವನೇ. ಚಿಕ್ಕಂದಿನಲ್ಲಿ ನಾನು ಜ್ವರ ಬಂದು ಮಲಗಿದಾಗ ತನ್ನ ಲಾರಿಯ ಕ್ಯಾಬಿನ್ನಿನಲ್ಲಿ ಕೂರಿಸಿಕೊಂಡು ಬಳ್ಳಾರಿಯ ಆಸ್ಪತ್ರೆಗೆ ಕರೆದೊಯ್ದವನೂ ಅವನೇ ಎಂದು ಅವ್ವ ಹೇಳುತ್ತಿದ್ದಳು.

ಬಳ್ಳಾರಿಗೆ ಇಂಜಿನಿಯರಿಂಗ್ ಓದಲು ಬಂದು ಹಾಸ್ಟೆಲ್ ಸೇರಿದಾಗ ನನಗೆ ಇಂಗ್ಲಿಷ್ ಎಂದರೆ ಭಯ. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು. ನಮ್ಮ ಲೆಕ್ಚರರುಗಳು ಪುಸ್ತಕದಲ್ಲಿದ್ದ ಸಾಲನ್ನು ಬೋರ್ಡಿಗೆ ಇಳಿಸಿ, ಬೋರ್ಡಿಗೆ ಇಳಿಸಿದ ಸಾಲನ್ನೇ ನಮಗೆ ಓದಿ ಹೇಳಿ, ಬೆಲ್ ಹೊಡೆದ ಕೂಡಲೇ ಹೊರಟು ಹೋಗುತ್ತಿದ್ದರು. ನಾವು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಕಕ್ಕಿ ಬರುತ್ತಿದ್ದೆವು. ಪಾಸಾಗುತ್ತಿದ್ದೆ, ಆದರೆ ಏನು ಓದಿದೆ ಎಂದು ಯಾರಾದರೂ ಕೇಳಿದರೆ ಹೇಳಲು ಬಾಯಿ ಇರಲಿಲ್ಲ.

ಮೂರನೇ ವರ್ಷ ಆಪರೇಟಿಂಗ್ ಸಿಸ್ಟಂ ತೆಗೆದುಕೊಳ್ಳಲು ಈ ಸರ್ ಬಂದರು. ವಯಸ್ಸಿನಲ್ಲಿ ನಮಗಿಂತ ತೀರಾ ದೊಡ್ಡವರೇನಲ್ಲ. ಕಂಟೋನ್ಮೆಂಟಿನಲ್ಲಿ ಬಾಡಿಗೆ ಮನೆ, ಓಡಾಡಲು ಹಳೆಯ ಸ್ಕೂಟರು. ಮೊದಲ ದಿನ ಪುಸ್ತಕವನ್ನೇ ತೆರೆಯಲಿಲ್ಲ. ತಮ್ಮ ಕುರ್ಚಿಯನ್ನು ಎತ್ತಿ ತಂದು ತರಗತಿಯ ನಡುವೆ ಇಟ್ಟರು.

"ಈ ಕುರ್ಚಿ ಪ್ರೊಸೆಸರು," ಅಂದರು. "ಇರೋದು ಒಂದ. ಕುಂಡ್ರಾಕ ಬಂದ ಪ್ರೊಸೆಸ್ಸು ನೀವೆಲ್ಲಾರೂ. ಯಾರು ಮೊದ್ಲು ಕುಂಡ್ರಬೇಕು, ಎಷ್ಟೊತ್ತು ಕುಂಡ್ರಬೇಕು, ಯಾವಾಗ ಎಬ್ಬಿಸಬೇಕು, ಇದನ್ನ ನೋಡಿಕೊಳ್ಳೋದ ಆಪರೇಟಿಂಗ್ ಸಿಸ್ಟಂ. ಬರ್ರಿ, ಎದ್ದು ಬರ್ರಿ."

ನಮ್ಮ ಕೈಗಳ ಮೇಲೆ ಸೀಮೆಸುಣ್ಣದಿಂದ ದರ್ಜೆಯ ಅಂಕಿ ಬರೆದರು. ದೊಡ್ಡ ದರ್ಜೆಯವರಿಗೆ ಮೊದಲ ಅವಕಾಶ. ನನ್ನ ಕೈಗೆ ಎಲ್ಲಕ್ಕಿಂತ ಸಣ್ಣ ದರ್ಜೆ ಬಂತು. ಅವರು ಮೇಜು ಬಡಿದಾಗಲೆಲ್ಲ ಕೂತವರು ಏಳಬೇಕು, ಇನ್ನೊಬ್ಬರು ಕೂರಬೇಕು. ದೊಡ್ಡ ದರ್ಜೆಯ ಹುಡುಗರು ಕೂತು, ಎದ್ದು, ಮತ್ತೆ ಬಂದು ಕೂತರು. ಇಡೀ ಕ್ಲಾಸು ನಗುತ್ತಿತ್ತು. ಪೀರಿಯಡ್ ಮುಗಿಯುವವರೆಗೂ ನಾನು ನಿಂತೇ ಇದ್ದೆ.

"ನಿಂಗ ಯಾರರ ಬ್ಯಾಡ ಅಂದ್ರೇನು?" ಎಂದು ನನ್ನನ್ನು ಕೇಳಿದರು.

"ಇಲ್ರಿ ಸರ್."

"ಹೊರಗ ಹಾಕಿದ್ರೇನು?"

"ಇಲ್ರಿ."

"ಆದ್ರೂ ಕುಂಡ್ರಲಿಲ್ಲ. ಇದಕ್ಕ ಸ್ಟಾರ್ವೇಷನ್ ಅಂತಾರ, ಉಪವಾಸ. ಯಾರೂ ಕೊಲ್ಲಂಗಿಲ್ಲ, ಯಾರೂ ಇಲ್ಲ ಅನ್ನಂಗಿಲ್ಲ. ಕರಿಯಂಗಿಲ್ಲ, ಅಷ್ಟ." ಆಮೇಲೆ ಅದಕ್ಕೆ ಮದ್ದನ್ನೂ ಅವರೇ ಹೇಳಿದರು. "ಕಾದಷ್ಟೂ ಕಾದವರ ದರ್ಜೆ ಏರಕೋತ ಹೋಗ್ಬೇಕು. ಎಷ್ಟ ಸಣ್ಣವ ಇರ್ಲಿ, ಒಂದಿನ ಅವನ ಎಲ್ಲಾರ್ಕಿಂತ ಮುಂದ ಬರ್ತಾನ. ಇದು ಏಜಿಂಗ್."

ಆ ದಿನ ನನಗಾದ ಸಂತೋಷ ಹೇಳತೀರದು. ಕಂಪ್ಯೂಟರಿನ ಒಳಗೆ ಇಂಥ ನ್ಯಾಯದ ಮಾತುಗಳಿವೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾಯುವುದೇ ಒಂದು ಅರ್ಹತೆ ಆಗಬಹುದು ಎಂಬುದನ್ನು ಹಾಸ್ಟೆಲಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತಾಗಲೂ ಯೋಚಿಸುತ್ತಿದ್ದೆ. ಇಂಥದ್ದನ್ನು ನಮ್ಮ ಮಾತಿನಲ್ಲೇ ತಿಳಿಸಿಕೊಟ್ಟ ಮನುಷ್ಯ ಒಳ್ಳೆಯವನಲ್ಲದೆ ಮತ್ತೇನಾಗಿರಲು ಸಾಧ್ಯ ಎಂದುಕೊಂಡೆ. ಪಾಠ ಬೇರೆ, ಪಾಠ ಹೇಳುವವರು ಬೇರೆ ಎಂಬ ಬುದ್ಧಿ ಆಗ ಎಲ್ಲಿತ್ತು.

ಕುರುಗೋಡಿನ ಹಾದಿಯಲ್ಲಿ ಒಂದು ಸ್ಟಾಕ್‌ಯಾರ್ಡ್ ಇತ್ತು. ಗಣಿಯಿಂದ ಬಂದ ಅದಿರನ್ನು ಅಲ್ಲಿ ಗುಡ್ಡೆ ಹಾಕಿ, ಮತ್ತೆ ಲಾರಿಗಳಿಗೆ ತುಂಬಿ ಬಂದರಿನ ಕಡೆಗೆ ಕಳಿಸುತ್ತಿದ್ದರು. ತುಂಬುವ ಲೋಡರ್ ಯಂತ್ರ ಒಂದೇ, ತುಂಬಿಸಿಕೊಳ್ಳಲು ನಿಂತ ಲಾರಿಗಳು ಕಣ್ಣು ಹಾಯುವಷ್ಟು ದೂರ. ಸರದಿಗೆ ಡ್ರೈವರುಗಳು ತಮ್ಮದೇ ಒಂದು ಪದ್ಧತಿ ಮಾಡಿಕೊಂಡಿದ್ದರು. ಗಾಡಿ ನಿಲ್ಲಿಸಿದ ಕೂಡಲೇ ಇಳಿದು, ಗೇಟಿನ ಎದುರಿನ ಜಾಲಿ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಗಾಡಿ ನಂಬರು ಬರೆದು ಸಾಲಿನ ಕೊನೆಗೆ ಇಡುವುದು. ಮುಂದಿನ ಗಾಡಿ ತುಂಬಿ ಹೋದರೆ ಅದರ ಕಲ್ಲು ತೆಗೆದು ಉಳಿದವನ್ನು ಮುಂದೆ ಸರಿಸುವುದು. ಆಮೇಲೆ ಡ್ರೈವರು ಸ್ನಾನಕ್ಕೆ ಹೋಗಲಿ, ಗಾಡಿಯ ಕೆಳಗೆ ಮಲಗಿ ಗೊರಕೆ ಹೊಡೆಯಲಿ, ಕಲ್ಲು ಅಲ್ಲಿದ್ದರೆ ಅವನ ಪಾಳಿ ಅಲ್ಲಿದ್ದ ಹಾಗೆ. ಹಿರಿಯನೆಂದು ಆ ಸಾಲನ್ನು ನೋಡಿಕೊಳ್ಳುವ ಕೆಲಸ ಚಾಚಾನಿಗೆ ಬಂದಿತ್ತು.

ಆದರೆ ಯಾರ್ಡಿನವರ ಕಡೆಯ ಗಾಡಿಗಳು ಬಂದರೆ ಕಲ್ಲಿಗೆ ಬೆಲೆ ಇರಲಿಲ್ಲ. ಹಾರ್ನ್ ಹೊಡೆದುಕೊಂಡು ಸೀದಾ ಗೇಟಿಗೆ ನುಗ್ಗುತ್ತಿದ್ದವು. ಸಿರುಗುಪ್ಪದವರು ಅಡ್ಡ ನಿಲ್ಲುತ್ತಿದ್ದರು, ಮಾತಿಗೆ ಮಾತು ಬೆಳೆದು ಕೈ ಕೈ ಮಿಲಾಯಿಸುತ್ತಿದ್ದರು, ಗೇಟು ಅರ್ಧ ದಿನ ಬಂದ್. ಒಮ್ಮೆ ಯಾರೋ ಇಡೀ ಸಾಲನ್ನು ಕಾಲಿನಿಂದ ಚೆಲ್ಲಾಪಿಲ್ಲಿ ಮಾಡಿ ಹೋದರು. ಕೊನೆಗೆ ಯಾರ್ಡಿನ ಮ್ಯಾನೇಜರ್ ಸರದಿಯನ್ನು ಕಂಪ್ಯೂಟರಿಗೆ ಹಾಕುವುದೆಂದು ತೀರ್ಮಾನಿಸಿ ನಮ್ಮ ಸರ್ ಬಳಿ ಬಂದ.

ಸರ್ ನನ್ನನ್ನು ಲ್ಯಾಬಿಗೆ ಕರೆಸಿದರು.

"ನಿಮ್ಮಪ್ಪ ಆ ಯಾರ್ಡಿಗೆ ಹೋಗ್ತಾರಂತಲ್ಲ. ನಿನ್ನ ಪ್ರಾಜೆಕ್ಟ್ ಇದ ಆಗ್ಲಿ. ಪ್ರೊಸೆಸ್ ಬದ್ಲಿ ಲಾರಿ, ಪ್ರೊಸೆಸರ್ ಬದ್ಲಿ ಲೋಡರ್. ಸರದಿ ಹಚ್ಚೋ ಶೆಡ್ಯೂಲರ್ ನೀ ಬರಿ. ಹಡಗಿಗೆ ಹೊತ್ತಾದ ಮಾಲು ಇದ್ರ ಅದಕ್ಕ ದೊಡ್ಡ ದರ್ಜೆ ಕೊಡಾಕ ಜಾಗ ಇಡು. ಏಜಿಂಗ್ ಮಾತ್ರ ಮರೀಬ್ಯಾಡ."

ಏಜಿಂಗ್ ಮರೀಬ್ಯಾಡ ಎಂದವರು ಅವರೇ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಆಮೇಲೆ ಇದನ್ನು ಹೇಳಿದಾಗ ನನ್ನ ಗೆಳತಿಯರೇ ನಂಬಲಿಲ್ಲ. ಮುಂದಿನ ಕೆಲವು ವಾರ ನಾನು ಲ್ಯಾಬಿನಲ್ಲೇ ಬಿದ್ದುಕೊಂಡಿದ್ದೆ. ಕರೆಂಟ್ ಹೋದಾಗ ಹೊರಗೆ ಬಂದು ಒಗ್ಗರಣೆ ಮಂಡಕ್ಕಿ ತಿಂದು ಮತ್ತೆ ಒಳಗೆ ಹೋಗುತ್ತಿದ್ದೆ. ಇಲ್ಲದ ಲಾರಿಗಳನ್ನು ಇವೆ ಎಂದು ಕಲ್ಪಿಸಿ, ಅವುಗಳಲ್ಲಿ ಒಂದಕ್ಕೆ ತೀರಾ ಸಣ್ಣ ದರ್ಜೆ ಕೊಟ್ಟು, ಅದರ ಮುಂದೆ ದೊಡ್ಡ ದರ್ಜೆಯವನ್ನು ಸುರಿದು ನೋಡುತ್ತಿದ್ದೆ. ಆ ಬಡಪಾಯಿ ಲಾರಿ ಕಾದು ಕಾದು ಮೇಲೇರಿ ಕೊನೆಗೊಮ್ಮೆ ಲೋಡರಿನ ಮುಂದೆ ನಿಂತರೆ ನನಗೆ ಕುಣಿಯುವಷ್ಟು ಖುಷಿ. ಎಷ್ಟು ಸಲ ನೋಡಿದರೂ ಸಾಕಾಗುತ್ತಿರಲಿಲ್ಲ.

ಪ್ರೋಗ್ರಾಂ ಸಿದ್ಧವಾಯಿತು, ಡ್ರೈವರುಗಳು ಒಪ್ಪಲಿಲ್ಲ. ಯಾರ್ಡಿನವರು ತಂದ ಮಷೀನು ಯಾರ್ಡಿನವರ ಮಾತೇ ಕೇಳುತ್ತದೆ ಎಂದು ಹಟ ಹಿಡಿದರು. ಆಗ ಸರ್ ನನಗೆ ಹೇಳಿದರು, "ನೀ ಬಾ. ನನ್ನ ಮಾತು ಅವರು ಕೇಳಂಗಿಲ್ಲ, ನಿಂದು ಕೇಳ್ತಾರ." ಆ ಮಾತಿಗೆ ಎಷ್ಟು ತೂಕ ಇತ್ತು ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಹೆಮ್ಮೆಯಾಯಿತು, ಅಷ್ಟೇ.

ಮೊದಲು ಸಿರುಗುಪ್ಪಕ್ಕೆ, ನಮ್ಮ ಮನೆಗೆ ಬಂದರು. ಅವ್ವ ಮಾಡಿದ ರೊಟ್ಟಿ, ಪುಂಡಿ ಪಲ್ಯ ಉಂಡರು, ಇನ್ನಷ್ಟು ಹಾಕಿಸಿಕೊಂಡರು. ನಿಮ್ಮ ಮಗಳಂಥ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ ಎಂದು ಅಪ್ಪನ ಮುಂದೆ ಹೇಳಿದರು. ಅಲ್ಲಿಂದ ಯಾರ್ಡಿನ ಜೀಪಿನಲ್ಲಿ ಎಲ್ಲರೂ ಕುರುಗೋಡಿನ ಕಡೆಗೆ ಹೋದೆವು. ಜಾಲಿ ಮರದ ಕೆಳಗೆ ಡ್ರೈವರುಗಳು ಸೇರಿದರು. ಸರ್ ಸ್ವಲ್ಪ ದೂರ ನಿಂತು ಚಹಾ ಕುಡಿದರು, ಮಾತಾಡಿದ್ದೆಲ್ಲ ನಾನೇ.

"ಮಷೀನು ಮಂದಿ ಮುಖ ನೋಡಂಗಿಲ್ಲೇನು ಬೇಟಿ?" ಎಂದು ಚಾಚಾ ಕೇಳಿದ.

"ಇಲ್ಲ ಚಾಚಾ. ಮೊದ್ಲ ಬಂದವರು ಮೊದ್ಲ. ನಡುವ ಯಾವ್ದರ ಅರ್ಜೆಂಟ್ ಗಾಡಿ ಬಂದ್ರೂ, ಕಾದವರು ಮ್ಯಾಲ ಏರಕೋತ ಹೋಗ್ತಾರ. ಯಾರ್ನೂ ಮರಿಯಂಗಿಲ್ಲ ಅದು."

"ನೀನ ಬರದೀಯೇನು?"

"ನಾನ."

ಚಾಚಾ ಉಳಿದವರ ಕಡೆ ತಿರುಗಿದ. "ಹಂಗಾರ ಮಾತು ಮುಗೀತು. ನಮ್ಮ ಹುಡುಗಿ ಬರದದ್ದು ಐತಿ. ನಂಗ ಭರೋಸ ಐತಿ." ಎದ್ದು ಹೋಗಿ, ಸಾಲಿನಲ್ಲಿದ್ದ ಕಲ್ಲುಗಳನ್ನು ತಾನೇ ಒಂದೊಂದಾಗಿ ಎತ್ತಿ ಬೇಲಿಯಾಚೆ ಹಾಕಿದ. ಅಂದಿನಿಂದ ಕಂಪ್ಯೂಟರಿನ ಚೀಟಿ ಇಲ್ಲದೆ ಗೇಟು ಎತ್ತುವುದಿಲ್ಲ ಎಂದಾಯಿತು.

ಕೆಲವು ವಾರ ಎಲ್ಲ ಸರಿಯಾಗಿ ನಡೆಯಿತು. ಶನಿವಾರ ಊರಿಗೆ ಹೋದರೆ ಓಣಿಯವರು ನನ್ನನ್ನು ನಿಲ್ಲಿಸಿ ಮಾತಾಡಿಸುತ್ತಿದ್ದರು. ಅಪ್ಪ ಯಾರ್ಡಿನ ಸುದ್ದಿಯನ್ನೆಲ್ಲ ನನಗೆ ಒಪ್ಪಿಸುತ್ತಿದ್ದ.

ದಸರಾ ರಜೆಗೆ ಹೋದಾಗ ಮನೆಯ ಮುಂದೆ ಲಾರಿ ಇರಲಿಲ್ಲ. ಅಪ್ಪ ಬಹಳ ದಿನದಿಂದ ಯಾರ್ಡಿನಲ್ಲೇ ಇದ್ದಾನೆ, ಬುತ್ತಿಯನ್ನು ಬಸ್ಸಿನವರ ಕೈಯಲ್ಲಿ ಕಳಿಸುತ್ತಿದ್ದೇನೆ ಎಂದಳು ಅವ್ವ. ಆ ದಿನದ ಬುತ್ತಿಯನ್ನು ನಾನೇ ಹಿಡಿದುಕೊಂಡು ಹೊರಟೆ. ಹೋಗಿ ನೋಡಿದರೆ ಸಿರುಗುಪ್ಪದ ಲಾರಿಗಳೆಲ್ಲ ಬೇಲಿಯ ಪಕ್ಕಕ್ಕೆ ನಿಂತಿವೆ. ಡ್ರೈವರುಗಳು ಬಟ್ಟೆ ಒಗೆದು ಕನ್ನಡಿಗೆ, ಬಂಪರಿಗೆ ಒಣಹಾಕಿದ್ದಾರೆ. ಸ್ಟೋವಿನ ಮೇಲೆ ಅನ್ನ ಬೇಯುತ್ತಿದೆ. ಅವರ ಮುಂದೆಯೇ ಬೇರೆ ಗಾಡಿಗಳು ಬರುತ್ತಿವೆ, ತುಂಬಿಸಿಕೊಂಡು ಹೋಗುತ್ತಿವೆ.

"ಬಾ ಬೇಟಿ," ಅಂದ ಚಾಚಾ. "ನಿನ್ನ ಮಷೀನು ನಮ್ಮನ್ನ ಮರ್ತಂಗೈತಿ ನೋಡು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಚೇಷ್ಟೆ ಮಾಡುವ ಹಾಗೇ ಇತ್ತು.

ತಪ್ಪು ನನ್ನದೇ ಎಂದುಕೊಂಡೆ. ಕಾದ ಹೊತ್ತನ್ನು ಎಣಿಸುವ ಸಂಖ್ಯೆ ಮಿತಿ ಮೀರಿ ಮತ್ತೆ ಸೊನ್ನೆಗೆ ಬಂದಿರಬೇಕು, ಹೆಚ್ಚು ಕಾದವರೇ ಅದರ ಕಣ್ಣಿಗೆ ಈಗ ಬಂದವರಂತೆ ಕಾಣುತ್ತಿರಬೇಕು, ಲ್ಯಾಬಿನಲ್ಲಿ ಇಷ್ಟು ದಿನ ಕಾಯಿಸಿ ನೋಡಿರಲಿಲ್ಲವಲ್ಲ. ಬುತ್ತಿಯನ್ನು ಅಪ್ಪನ ಕೈಗೆ ಕೊಟ್ಟವಳೇ ಕಂಪ್ಯೂಟರ್ ರೂಮಿಗೆ ಓಡಿದೆ. ಅಲ್ಲಿ ಎಸಿ ಹಾಕಿಕೊಂಡು ಸರ್ ಕೂತಿದ್ದರು. ರಜೆಯಲ್ಲಿ ಅವರು ಅಲ್ಲಿಗೆ ಬರುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ಸರ್, ಏಜಿಂಗ್ ಕೆಲಸ ಮಾಡವಲ್ದು. ನಂದ ತಪ್ಪಿರಬೇಕು. ಕೊಡ್ರಿ, ಈಗ ನೋಡಿ ಸರಿ ಮಾಡ್ತೀನಿ."

"ನಿಂದೇನೂ ತಪ್ಪಿಲ್ಲ," ಅಂದರು. "ನೀ ಚಲೋ ಬರದಿ. ಆ ಭಾಗ ನಾನ ತಗದೀನಿ."

ನನಗೆ ಅರ್ಥವಾಗಲಿಲ್ಲ. ಯಾಕೆಂದು ಕೇಳಿದೆ.

"ಯಾರ್ಡಿನವರಿಗೆ ಬ್ಯಾಡಂತ. ಅವರ ಕಡಿ ಗಾಡಿ ಯಾವಾಗ್ಲೂ ಮುಂದ ಇರ್ಬೇಕು."

"ಹಂಗಾದ್ರ ಹೊರಗ ನಿಂತವರು ಏನ್ ಮಾಡಬೇಕ್ರಿ?"

"ನೋಡು, ಕ್ಲಾಸಿನಾಗ ಹೇಳೀನಲ್ಲ. ಮೆಕ್ಯಾನಿಸಂ ಬ್ಯಾರೆ, ಪಾಲಿಸಿ ಬ್ಯಾರೆ. ಹೆಂಗ ನಡಸ್ಬೇಕು ಅನ್ನೋದು ನಮ್ಮ ಕೆಲಸ. ಯಾರ್ನ ಮುಂದ ಬಿಡ್ಬೇಕು ಅನ್ನೋದು ಅವರ ಕೆಲಸ. ಪರೀಕ್ಷಾದಾಗ ಕೇಳ್ತಾರ ಇದನ್ನ."

ನಿಜ, ಕೇಳುತ್ತಾರೆ. ಪಠ್ಯಪುಸ್ತಕದಲ್ಲಿ ಹಾಗೇ ಇದೆ, ಅದು ಒಳ್ಳೆಯ ತತ್ವವೇ. ಅವರು ಸುಳ್ಳು ಹೇಳಿದ್ದರೆ ನಾನು ಎದುರು ಮಾತಾಡುತ್ತಿದ್ದೆ. ನಾನು ಕಲಿತು ಮೆಚ್ಚಿಕೊಂಡಿದ್ದ ಸಾಲನ್ನೇ ಎತ್ತಿ ನನ್ನ ಬಾಯಿ ಮುಚ್ಚಿಸಿದರಲ್ಲ, ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

"ನಾ ಅವರಿಗೆ ಮಾತು ಕೊಟ್ಟೀನ್ರಿ ಸರ್," ಅಂದೆ.

"ನೀ ಕೊಟ್ಟಾಗ ಅದು ಖರೇನ ಇತ್ತು," ಅಂದು ಅವರು ಪರದೆಯ ಕಡೆಗೆ ತಿರುಗಿದರು.

ಹೊರಗೆ ಬಂದು ಎಲ್ಲರ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾನು ಬರೆದದ್ದನ್ನು ಸರ್ ಬದಲಿಸಿದ್ದಾರೆ, ಎಷ್ಟು ಕಾದರೂ ನಿಮ್ಮ ಪಾಳಿ ಬರುವುದಿಲ್ಲ ಎಂದೆ. ಯಾರೋ "ಮತ್ತ ಕಲ್ಲು ಇಡ್ರಿ ಲೇ" ಅಂದರು. ಗೇಟಿನವನು ನಕ್ಕ. ಇಟ್ಟುಕೊಳ್ಳಿ, ಆದರೆ ಚೀಟಿ ಇಲ್ಲದೆ ನಾನು ಗೇಟು ಎತ್ತುವವನಲ್ಲ ಎಂದ. ಲಾರಿ ತಿರುಗಿಸಿಕೊಂಡು ಹೋಗೋಣವೆಂದರೆ ಇಷ್ಟು ದಿನ ಕಾದದ್ದೆಲ್ಲ ನೀರುಪಾಲು, ಬೇರೆ ಲೋಡೂ ಇಲ್ಲ. ಆಗ ಅಪ್ಪ ಎದ್ದ.

"ನಾ ಹೋಗಿ ಸರ್ ಜೋಡಿ ಮಾತಾಡ್ತೀನಿ. ನಮ್ಮ ಮನ್ಯಾಗ ಉಂಡ ಮನಶ್ಯಾ, ನನ್ನ ಮಾತು ತಗದ ಹಾಕಂಗಿಲ್ಲ. ನೀ ಊರಿಗೆ ಹೋಗು."

ಚಾಚಾ ಅವನ ಬೆನ್ನು ತಟ್ಟಿದ. ಎಲ್ಲರ ಪರವಾಗಿ ಅಪ್ಪ ಒಳಗೆ ಹೋಗುವುದನ್ನು ನೋಡಿ ನನ್ನ ಎದೆಯ ಭಾರ ಅರ್ಧ ಇಳಿಯಿತು. ನಾನು ಬಸ್ಸು ಹತ್ತಿದೆ. ಅವನು ಬರುವ ಮೊದಲೇ ರಜೆ ಮುಗಿದು ಬಳ್ಳಾರಿಗೆ ವಾಪಸಾದೆ.

ಕಾಲೇಜಿನಲ್ಲಿ ಸರ್ ಏನೂ ಆಗದವರ ಹಾಗೆ ಇದ್ದರು. ಮುಂದಿನ ಪಾಠ, ಯಾರೂ ಯಾರಿಗೂ ದಾರಿ ಬಿಡದೆ ಎಲ್ಲರೂ ಸಿಕ್ಕಿಕೊಳ್ಳುವ ಡೆಡ್‌ಲಾಕ್. ಮೊದಲಿನಷ್ಟೇ ಉತ್ಸಾಹ, ಮೊದಲಿನಷ್ಟೇ ತಮಾಷೆ. ಕೊನೆಗೆ ನನ್ನ ಪ್ರಾಜೆಕ್ಟನ್ನು ಇಡೀ ಕ್ಲಾಸಿಗೆ ಮಾದರಿಯೆಂದು ತೋರಿಸಿದರು, ಏಜಿಂಗ್ ಸಮೇತ ಇದ್ದ ನನ್ನ ಮೂಲ ಪ್ರತಿಯನ್ನೇ. ಕಲ್ಪನೆಯ ಲಾರಿಗಳು ಒಂದೊಂದಾಗಿ ಮೇಲೇರಿ ತುಂಬಿಸಿಕೊಂಡು ಹೋದವು. ಪೂರ್ತಿ ಅಂಕ ಕೊಟ್ಟಿದ್ದೇನೆ ಎಂದರು, ಹುಡುಗರು ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿ ಕೂತಿದ್ದೆ. ನಾಚಿಕೆ ಸ್ವಭಾವದ ಹುಡುಗಿ ಎಂದುಕೊಂಡರೋ ಏನೋ.

ಅದರ ಮುಂದಿನ ಶನಿವಾರ ಊರಿಗೆ ಹೋದೆ. ಮನೆಯ ಮುಂದೆ ಲಾರಿ ನಿಂತಿತ್ತು. ತೊಳೆದು, ಕನ್ನಡಿಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ನನಗೆ ಹಿಗ್ಗೋ ಹಿಗ್ಗು. ಅಪ್ಪ ಗೆದ್ದು ಬಂದ, ಎಲ್ಲರ ಗಾಡಿಯನ್ನೂ ಬಿಟ್ಟಿರಬೇಕು ಎಂದುಕೊಂಡೆ. ಅಪ್ಪ ಊಟಕ್ಕೆ ಕೂತಿದ್ದ, ನಾನೂ ಜೊತೆಗೆ ಕೂತೆ.

"ಸರ್ ದೊಡ್ಡ ಮನಶ್ಯಾರು," ಅಂದ. "ನಮ್ಮ ಗಾಡಿನ ಯಾರ್ಡಿನವರ ಗಾಡಿ ಜೋಡಿ ಸೇರ್ಸ್ಯಾರ. ಇನ್ನ ಕಾಯೋ ಮಾತ ಇಲ್ಲ."

"ಉಳದವ್ರು?"

"ಎಲ್ಲಾರ್ದೂ ಹೆಂಗ ಆಗ್ತೈತಿ?"

"ಚಾಚಾಂದು ಕೇಳಿದ್ದೇನು?"

ಅಪ್ಪ ಅನ್ನ ಕಲಸಿದ. "ಮೊದ್ಲ ನಮ್ದು ಆಗ್ಲಿ ಅಂತ ಸುಮ್ನಾದ್ನಿ," ಅಂದ. ನಾನು ತಟ್ಟೆಯ ಮುಂದಿನಿಂದ ಎದ್ದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಅಳು ಬರಲಿಲ್ಲ. ಸರ್ ಮಾಡಿದ್ದಕ್ಕೆ ನನ್ನ ಹತ್ತಿರ ಬೈಗುಳ ಇತ್ತು, ಇದಕ್ಕೆ ಯಾವ ಮಾತೂ ಇರಲಿಲ್ಲ.

ಸಂಜೆ ಚಾಚಾ ಬಂದ. ಗಾಡಿಯ ಹತ್ತಿರ ಕ್ಲೀನರನ್ನು ಬಿಟ್ಟು ಬಂದಿದ್ದನಂತೆ. ಗಡ್ಡ ಬೆಳೆದಿತ್ತು, ಅಂಗಿಯ ಮೇಲೆಲ್ಲ ಯಾರ್ಡಿನ ಕೆಂಪು. ಅವನ ದನಿ ಕೇಳಿದ ಕೂಡಲೇ ಪಡಸಾಲೆಯಲ್ಲಿದ್ದ ಅಪ್ಪ ಎದ್ದು ಬಾಗಿಲ ಹಿಂದಕ್ಕೆ ಹೋದ. ಚಾಚಾ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು ನನ್ನ ಓದಿನ ಬಗ್ಗೆ ಕೇಳಿದ, ಹಾಸ್ಟೆಲಿನ ಊಟದ ಬಗ್ಗೆ ಕೇಳಿದ. ಆಮೇಲೆ ದನಿ ತಗ್ಗಿಸಿದ.

"ಬೇಟಿ, ಸರ್ ಬದ್ಲಿ ಮಾಡ್ಯಾರ ಅಂತ ಅವತ್ತು ನೀನ ಹೇಳಿದಿ. ಒಮ್ಮೆ ಬದ್ಲಿ ಮಾಡಾಕ ಬರ್ತೈತಿ ಅಂದ್ರ ಇನ್ನೊಮ್ಮೆ ಮಾಡಾಕೂ ಬರ್ತೈತಿ. ಸರ್ ಒಪ್ಪಲಿಲ್ಲ ಅಂತ ನಿಮ್ಮಪ್ಪ ಹೊರಗ ಬಂದು ನಮಗೆಲ್ಲ ಹೇಳಿದ. ಆಮ್ಯಾಲ ನೀನ ಸರ್ ಮುಂದ ಹೇಳಿ ನಿಮ್ಮಪ್ಪಂದು ಮಾಡಿಸಿದಿ. ಚಲೋ ಮಾಡಿದಿ, ಮಗಳಾದಾಕಿ ಮಾಡಬೇಕಾದ್ದ ಅದು. ನಂದೂ ಒಂದು ಮಾತು ಹೇಳವ್ವ. ಎಲ್ಲಾರ್ದೂ ಬ್ಯಾಡ. ನಂದೊಂದ ಹೇಳು."

"ನಾ ಹೇಳಿಲ್ಲ ಚಾಚಾ. ನಿಮ್ಮಾಣಿ, ನಾ ಯಾರಿಗೂ ಹೇಳಿಲ್ಲ."

ಚಾಚಾ ನನ್ನ ಮುಖ ನೋಡಿದ. ಅವನು ನಂಬಲಿಲ್ಲ. ಮರದ ಕೆಳಗೆ ಎಲ್ಲರ ಮುಂದೆ ಭರೋಸ ಐತಿ ಎಂದವನು, ನಾನು ನಿಜ ಹೇಳುತ್ತಿದ್ದಾಗ ನಂಬಲಿಲ್ಲ. ನಾನು ಬಾಗಿಲ ಕಡೆ ತಿರುಗಿ, "ಅಪ್ಪಾ, ನೀನರ ಹೇಳು," ಅಂದೆ. ಬಾಗಿಲ ಸಂದಿಯಲ್ಲಿ ಅವನ ಧೋತರದ ಅಂಚು ಕಾಣುತ್ತಿತ್ತು. ಅದು ಒಳಕ್ಕೆ ಸರಿಯಿತು. ಇನ್ನೊಮ್ಮೆ ಕರೆದೆ.

"ಆತು ಬಿಡವ್ವ," ಅಂದ ಚಾಚಾ. "ಅವನ್ನ ಯಾಕ ಕರೀತಿ, ದಣಿದು ಬಂದಾನ." ನನ್ನ ತಲೆಯ ಮೇಲೆ ಕೈ ಇಡಲು ಹೋದವನು ಇಡದೆ, ಮಂಡಿ ಹಿಡಿದುಕೊಂಡು ಎದ್ದು ಹೋದ.

ಅವನು ಹೋದದ್ದು ಖಾತ್ರಿಯಾದ ಮೇಲೆ ಅಪ್ಪ ಹೊರಗೆ ಬಂದ. ನನ್ನ ಕಡೆ ನೋಡಲಿಲ್ಲ. ನಾಳೆ ನಸುಕಿನಲ್ಲೇ ಲೋಡಿದೆ, ಬೇಗ ಬುತ್ತಿ ಕಟ್ಟಬೇಕು ಎಂದು ಅವ್ವನಿಗೆ ಹೇಳಿದ.